ಅಪ್‌ಡೇಟ್: ತಿಂಡಿ ಪೌಚ್ ಕೊನೆಗೂ ಹೊಲಿದಾಯ್ತು

ಹೋದ ವಾರ ಕೇಳಿದ್ದೆನಲ್ಲ, ಮಗಳ ಸ್ಕೂಲ್ ತಿಂಡಿಗೆ ಬಟ್ಟೆ ಪೌಚ್ ಹೊಲಿಯೋಕೆ ಹೋದ್ರೆ ಒಳಗಿನ ವಾಟರ್‌ಪ್ರೂಫ್ ಪದರ ಮಷಿನ್ ಪಾದಕ್ಕೆ (ಸೂಜಿ ಹತ್ರ ಬಟ್ಟೆ ಒತ್ತಿ ಹಿಡಿಯುತ್ತಲ್ಲ, ಅದಕ್ಕೆ) ಅಂಟ್ಕೊಂಡು ಮುಂದಕ್ಕೇ ಹೋಗ್ತಿಲ್ಲ ಅಂತ. ಬಗೆಹರೀತು!

ಗೆದ್ದಿದ್ದು ಬಟರ್ ಪೇಪರ್. ಎರಡು ಬೆರಳಗಲದ ಪಟ್ಟಿ ಬಟ್ಟೆ ಮೇಲಿಟ್ಟು, ಪೇಪರ್ ಸೇರಿಸಿಯೇ ಹೊಲಿದೆ. ಆಮೇಲೆ ಎಳೆದ್ರೆ ಸೂಜಿ ತೂತಿನ ಸಾಲಲ್ಲೇ ಸರ್ರನೆ ಹರಿದು ಬರುತ್ತೆ. ಹೊಲಿಗೆ ಉದ್ದ 3 ಮಿ.ಮೀ. ಇಟ್ಟಿದ್ದೆ. ಸೂಜಿ ಬದಲಾಯಿಸಿದ್ರಿಂದ ಏನೂ ಆಗ್ಲಿಲ್ಲ. ಟಾಲ್ಕಂ ಪೌಡರ್ ಉದುರಿಸಿದ್ರೆ ನಾಲ್ಕು ಇಂಚು ಹೊಲಿಯೋಷ್ಟರಲ್ಲಿ ಮತ್ತೆ ಅಂಟ್ಕೊಳ್ತು, ಕೆಳಗಿನ ದಾರ ಇಡೋ ಬಾಬಿನ್ ಕೇಸ್ ತುಂಬಾ ಘಮಘಮ!

ಯಾರೂ ಹೇಳದೇ ಇದ್ದ ವಿಷಯ ಒಂದಿದೆ. ಗುಂಡುಪಿನ್ ಚುಚ್ಚಿದ ತೂತು ಈ ಬಟ್ಟೇಲಿ ಮುಚ್ಚೋದೇ ಇಲ್ಲ. ಮೊದಲ ಪೌಚಿಗೆ ಕೋಡುಬಳೆ ಹಾಕಿದ್ದೆ, ಸಂಜೆ ನೋಡಿದ್ರೆ ಪಿನ್ ಇದ್ದ ಜಾಗದಲ್ಲೆಲ್ಲ ಹೊರಗಿನ ಕಾಟನ್ ಮೇಲೆ ಎಣ್ಣೆ ಚುಕ್ಕಿ. ಈಗ ಬಟ್ಟೆ ಒಣಹಾಕೋ ಕ್ಲಿಪ್ಪೇ ಪಿನ್.

ಬಾಯಿಗೆ ವೆಲ್ಕ್ರೋ ಹಾಕಿದ್ದು ಮಾತ್ರ ತಪ್ಪಾಯ್ತು. ಅವಲಕ್ಕಿ ಚೂರೆಲ್ಲ ಅಲ್ಲೇ ಸಿಕ್ಕೊಳ್ಳುತ್ತೆ. ಮಗಳ ದೂರು ಬೇರೆ: "ಅಮ್ಮಾ, ತೆಗೆದ್ರೆ ಪರ್ರ್ ಅನ್ನುತ್ತೆ, ಮಿಸ್ ತಿರುಗಿ ನೋಡ್ತಾರೆ." ಮುಂದಿನದಕ್ಕೆ ದಿಂಬಿನ ಕವರ್ ಥರ ಮಡಚೋ ಬಾಯಿ.