ಅಮೆರಿಕದ ಹಳೇ ಬ್ಯಾಟರಿ ಟ್ರ್ಯಾಕ್ಟರ್ ಆಸ್ಟ್ರೇಲಿಯಾಕ್ಕೆ: ಅಲ್ಲಿ ಚಾರ್ಜ್ ಮಾಡೋದು ಹೇಗೆ?

ಸಾಗರದವನು, ಆಲ್ಬನಿ:

ಎಲ್ಲರಿಗೂ ನಮಸ್ಕಾರ. ಇನ್ನು ಮೂರು ತಿಂಗಳಿಗೆ ಸಂಸಾರ ಸಮೇತ ಆಸ್ಟ್ರೇಲಿಯಾದ ಬ್ಯಾಲರಟ್‌ಗೆ ಹೊರಟಿದ್ದೀವಿ. ಮನೆ ಸಾಮಾನಿನ ಕಂಟೇನರಿನಲ್ಲಿ ನನ್ನ ಟ್ರ್ಯಾಕ್ಟರೂ ಬರಬೇಕು ಅಂತ ಆಸೆ. ಜನರಲ್ ಎಲೆಕ್ಟ್ರಿಕ್‌ನವರ ಎಲೆಕ್-ಟ್ರ್ಯಾಕ್ ಇ15 ಅದು. ಇವು 1969ರಿಂದ ಇಲ್ಲೇ ಪಕ್ಕದ ಸ್ಕೆನೆಕ್ಟಡಿಯಲ್ಲಿ ತಯಾರಾಗ್ತಿದ್ದವು. 6 ವೋಲ್ಟಿನ ಆರು ಗಾಲ್ಫ್ ಕಾರ್ಟ್ ಬ್ಯಾಟರಿ, ಒಟ್ಟು 36 ವೋಲ್ಟ್. ಹುಲ್ಲು ಕತ್ತರಿಸೋ ಒಂದೊಂದು ಬ್ಲೇಡಿಗೂ ಬೇರೆ ಬೇರೆ ಮೋಟರ್.

ಎದುರುಮನೆ ಅಜ್ಜ ಅದೇ ಕಾರ್ಖಾನೆಯಲ್ಲಿದ್ದವರು. ಮನೆ ಖಾಲಿ ಮಾಡುವಾಗ ನನ್ನ ಕೈಗೆ ಟ್ರ್ಯಾಕ್ಟರಿನ ಬೀಗದ ಕೈ ಕೊಟ್ಟು, "ಗುಜರಿಗೆ ಮಾತ್ರ ಹಾಕಬೇಡ" ಅಂದರು. ಮಾತು ಕೊಟ್ಟಿದ್ದೀನಿ. ಮಾರಿ ಹೋಗು ಅಂತ ಎಲ್ಲರೂ ಹೇಳ್ತಾರೆ, ಮನಸ್ಸು ಒಪ್ಪುತ್ತಿಲ್ಲ.

ಇದರ ಚಾರ್ಜರ್ ಮೇಲೆ 120 ವೋಲ್ಟ್, 60 ಹರ್ಟ್ಜ್ ಅಂತ ಬರೆದಿದೆ. ಅಲ್ಲಿ 230 ವೋಲ್ಟ್. ಒಂದು ದೊಡ್ಡ ಸ್ಟೆಪ್-ಡೌನ್ ಟ್ರಾನ್ಸ್‌ಫಾರ್ಮರ್ ತಗೊಂಡರೆ ಆಯ್ತಲ್ಲ ಅಂತಾರೆ ಆಫೀಸಿನವರು. ಅಷ್ಟು ಸಾಕಾ? ಸಾಗಿಸುವವರು ಬ್ಯಾಟರಿ ಮುಟ್ಟಲ್ಲ ಅಂತಿದ್ದಾರೆ, ಅದಕ್ಕೇನು ಮಾಡಲಿ?

ಜೀಲಾಂಗ್ ಅಕ್ಕ:

ನಾವು ಆಸ್ಟ್ರೇಲಿಯಾಕ್ಕೆ ಬಂದಾಗ ಒಂದು ಹಳೇ ಟಿಲ್ಲರ್ ತಂದಿದ್ವಿ, ಹಾಗಾಗಿ ಹೇಳ್ತೀನಿ. ಬ್ಯಾಟರಿ ತರಲೇಬೇಡಿ. ಆಸಿಡ್ ತುಂಬಿದ ಬ್ಯಾಟರಿ ಹಡಗಿನ ಲೆಕ್ಕದಲ್ಲಿ ಅಪಾಯಕಾರಿ ಸರಕು, ಯುಎನ್ 2794. ಒಂದೊಂದು 28 ಕೆಜಿ ಅಂದ್ಕೊಂಡರೂ ಆರಕ್ಕೆ ಸುಮಾರು 170 ಕೆಜಿ. ಅಲ್ಲೇ ಹಳೇ ಬ್ಯಾಟರಿ ಅಂಗಡಿಗೆ ಕೊಟ್ಟು ಬನ್ನಿ, ಗಾಲ್ಫ್ ಕಾರ್ಟ್ ಬ್ಯಾಟರಿ ಇಲ್ಲಿ ಧಾರಾಳವಾಗಿ ಸಿಗುತ್ತೆ. ಬಿಚ್ಚುವ ಮುಂಚೆ ವೈರುಗಳ ಫೋಟೋ ತೆಗೆದು, ಒಂದೊಂದಕ್ಕೂ ಚೀಟಿ ಕಟ್ಟಿ.

ನಿಜವಾದ ತಲೆನೋವು ಮಣ್ಣು. ಹೊರಗಿನ ಬೀಜ, ಹುಳ ದೇಶದೊಳಗೆ ಬರದಂತೆ ತಡೆಯೋ ಇಲ್ಲಿನ ಬಯೋಸೆಕ್ಯುರಿಟಿಯವರು ಟಾರ್ಚ್ ಹಿಡ್ಕೊಂಡು ಕೂತು ನೋಡ್ತಾರೆ. ಬ್ಲೇಡಿನ ಮೇಲಿನ ಮುಚ್ಚಳದ ಒಳಗೆ ಒಣಗಿ ಹೆಪ್ಪುಗಟ್ಟಿದ ಹುಲ್ಲು ಇರುತ್ತಲ್ಲ, ಅದೇ ಅವರು ಮೊದಲು ನೋಡೋ ಜಾಗ. ಟೈರಿನ ಸಂದು, ಸೀಟಿನ ಕೆಳಗೆ, ಬ್ಯಾಟರಿ ಟ್ರೇ, ಎಲ್ಲೂ ಒಂದು ಬೀಜ ಉಳಿಯಬಾರದು. ನಮ್ಮದನ್ನ ಇಲ್ಲಿ ಮತ್ತೆ ತೊಳೆಸಿದರು, ಖರ್ಚು ನಮ್ಮ ತಲೆ ಮೇಲೆ ಬಿತ್ತು. ಮರದ ಪೆಟ್ಟಿಗೆ ಮಾಡಿಸಿದರೆ ಮರದೊಳಗಿನ ಹುಳ ಸಾಯಿಸಿದೆ ಅನ್ನೋ ಐಎಸ್‌ಪಿಎಂ 15ರ ಮುದ್ರೆ ಬೇಕು.

ಇನ್ನೊಂದು, ಯಾರೂ ಹೇಳದೇ ಇರೋದು: ಬ್ರೇಕ್. 1970ರ ಕಾಲದ ಬ್ರೇಕ್ ಲೈನಿಂಗಿನಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇರಬಹುದು. ಇಲ್ಲಿ ಅದಕ್ಕೆ 2003ರ ಡಿಸೆಂಬರ್ 31ರಿಂದ ಪೂರ್ತಿ ನಿಷೇಧ, ಹಳೇ ಯಂತ್ರ ಅಂತ ರಿಯಾಯಿತಿ ಇಲ್ಲ. ಹೊರಡೋ ಮುಂಚೆ ಲ್ಯಾಬಿನಲ್ಲಿ ಪರೀಕ್ಷೆ ಮಾಡಿಸಿ ಕಾಗದ ಕೈಯಲ್ಲಿ ಇಟ್ಕೊಳ್ಳಿ.

ಪೀಣ್ಯದ ವೈಂಡರ್:

ತಮ್ಮಾ, ಟ್ರಾನ್ಸ್‌ಫಾರ್ಮರ್ ತಗೊಳ್ಳೋಕೆ ಮುಂಚೆ ಇದನ್ನ ಓದು. ನಾನು 31 ವರ್ಷ ಪೀಣ್ಯದಲ್ಲಿ ಟ್ರಾನ್ಸ್‌ಫಾರ್ಮರ್ ಸುತ್ತಿದವನು.

ಸ್ಟೆಪ್-ಡೌನ್ 230ನ್ನು 120 ಮಾಡುತ್ತೆ, ಆದರೆ ಅಲ್ಲಿನ 50 ಹರ್ಟ್ಜನ್ನು 60 ಮಾಡಲ್ಲ. ಹರ್ಟ್ಜ್ ಅಂದರೆ ಕರೆಂಟಿನ ಫ್ರೀಕ್ವೆನ್ಸಿ, ಸೆಕೆಂಡಿಗೆ ಎಷ್ಟು ಸಲ ಅದು ಹಿಂದೆ ಮುಂದೆ ಆಗುತ್ತೆ ಅನ್ನೋ ಲೆಕ್ಕ. ನಿನ್ನ ಚಾರ್ಜರಿನ ಪ್ಲಗ್ ಕಿತ್ತು, ಸ್ವಲ್ಪ ಹೊತ್ತು ಬಿಟ್ಟು, ಮುಚ್ಚಳ ತೆಗೆದು ನೋಡು. ಟ್ರಾನ್ಸ್‌ಫಾರ್ಮರ್ ಪಕ್ಕ ಎಣ್ಣೆ ತುಂಬಿದ ದಪ್ಪ ಕೆಪ್ಯಾಸಿಟರ್ ಇದ್ದರೆ ಅದು ಫೆರೋರೆಸೊನೆಂಟ್ ಜಾತಿ. ಆ ಕೆಪ್ಯಾಸಿಟರ್ ಮಾತ್ರ ಕೈಯಲ್ಲಿ ಮುಟ್ಟಬೇಡ, ಚಾರ್ಜ್ ಉಳಿದಿರುತ್ತೆ.

80ರ ದಶಕದಲ್ಲಿ ಕಂಪ್ಯೂಟರುಗಳಿಗೆ ಸಿವಿಟಿ (ಕಾನ್‌ಸ್ಟಂಟ್ ವೋಲ್ಟೇಜ್ ಟ್ರಾನ್ಸ್‌ಫಾರ್ಮರ್) ಅಂತ ಮಾಡ್ಕೊಡ್ತಿದ್ವಿ, ಇದೂ ಅದೇ. ಒಳಬರೋ ವೋಲ್ಟೇಜ್ ಏರಿಳಿದರೂ ಹೊರಗಿನದು ಅಲ್ಲಾಡಲ್ಲ. ಆದರೆ ಫ್ರೀಕ್ವೆನ್ಸಿ ಇಳಿದರೆ ಹೊರಗಿನದೂ ಅದರ ಜೊತೆಗೇ ಇಳಿಯುತ್ತೆ. ಬೇಸಿಗೆಯಲ್ಲಿ ನಮ್ಮ ದಕ್ಷಿಣದ ಗ್ರಿಡ್ 48 ಹರ್ಟ್ಜಿಗೆ ಬಂದಾಗ, ಒಳಗೆ ಎಷ್ಟೇ ಕೊಟ್ಟರೂ ಸಿವಿಟಿ 230ರ ಬದಲು 220ರ ಆಸುಪಾಸಿನಲ್ಲೇ ನಿಲ್ತಿತ್ತು. ಗಿರಾಕಿಗಳು ನಮ್ಮನ್ನ ಬೈಯ್ಯೋರು.

ನಿನ್ನ ಲೆಕ್ಕ ನೋಡು. 36 ವೋಲ್ಟ್ ಅಂದರೆ 18 ಸೆಲ್. ತುಂಬಬೇಕಾದರೆ ಸೆಲ್ಲಿಗೆ 2.45, ಒಟ್ಟು 44 ವೋಲ್ಟ್. 50 ಹರ್ಟ್ಜಿನಲ್ಲಿ ಅದು ಆರರಲ್ಲಿ ಐದು ಪಾಲು, ಅಂದರೆ 36.7. ತುಂಬಿದ ಬ್ಯಾಟರಿ ಸುಮ್ಮನೆ ಕೂತಿದ್ದಾಗಲೇ 38 ಚಿಲ್ಲರೆ ತೋರಿಸುತ್ತೆ. ರಾತ್ರಿಯಿಡೀ ಗುಂಯ್ ಅಂತಿರುತ್ತೆ, ಬ್ಯಾಟರಿ ಮಾತ್ರ ತುಂಬಲ್ಲ. ಒಂದೆರಡು ತಿಂಗಳು ಹಾಗೆ ನಡೆಸಿದರೆ ಹೊಸ ಬ್ಯಾಟರಿಯ ಪ್ಲೇಟಿಗೆ ಸಲ್ಫೇಟ್ ಕಟ್ಟಿ ಎಲ್ಲಾ ಹಾಳು. ಕೆಪ್ಯಾಸಿಟರ್ ದೊಡ್ಡದು ಹಾಕು ಅಂತ ಯಾರಾದರೂ ಅಂದರೆ ಕೇಳಬೇಡ. ಅನುರಣನ ಸರಿಹೋಗಬಹುದು, ಆದರೆ ಕಬ್ಬಿಣದ ಕೋರಿನಲ್ಲಿ ಕಾಂತತ್ವ ಮೊದಲಿನ ಹಾಗೇ ಬೇಗ ತುಂಬಿಕೊಳ್ಳುತ್ತೆ, ವೋಲ್ಟೇಜ್ ಮೇಲೆ ಹೋಗಲ್ಲ. ತಿರುಗಿಸೋ ಟೈಮರ್ ಇದ್ದರೆ ಅದರ ಗಡಿಯಾರದ ಮೋಟರೂ ನಿಧಾನ ಆಗುತ್ತೆ, 10 ಗಂಟೆ ಇಟ್ಟರೆ 12 ಗಂಟೆ ಓಡುತ್ತೆ.

ಟ್ರ್ಯಾಕ್ಟರ್ ಓಡೋದು ಡಿಸಿಯಲ್ಲಿ, ಅದಕ್ಕೆ ಯಾವ ದೇಶವಾದರೂ ಒಂದೇ. ಚಾರ್ಜರ್ ಒಂದನ್ನ ಅಲ್ಲೇ ಬಿಟ್ಟು ಹೋಗು. ಆಸ್ಟ್ರೇಲಿಯಾದಲ್ಲಿ ಗಾಲ್ಫ್ ಕಾರ್ಟಿನ 36 ವೋಲ್ಟ್ ಚಾರ್ಜರ್ ತಗೋ, ಬ್ಯಾಟರಿ ನೀರು ಹಾಕೋ ಜಾತಿಯದ್ದಾದರೆ ಅದಕ್ಕೇ ಸೆಟ್ ಮಾಡಿಸು. 20 ಆಂಪಿಯರಿನದಾದರೂ ಗೋಡೆಯಿಂದ ಎಳೆಯೋದು ಐದು ಆಂಪಿಯರಿನ ಒಳಗೆ, ಮಾಮೂಲಿ ಸಾಕೆಟ್ಟೇ ಸಾಕು. ಚಾರ್ಜ್ ಆಗುವಾಗ ಶೆಡ್ಡಿನ ಬಾಗಿಲು ತೆಗೆದಿಡು, ಹೈಡ್ರೋಜನ್ ಹೊರಗೆ ಹೋಗಬೇಕು.

ಸಾಗರದವನು:

ಸರ್, ಮುಚ್ಚಳ ತೆಗೆದೆ. ನೀವು ಹೇಳಿದ ಹಾಗೇ ಮೂಲೆಯಲ್ಲಿ ತಗಡಿನ ಡಬ್ಬಿ, ಅಂಗೈ ಅಗಲದ್ದು. ಟ್ರಾನ್ಸ್‌ಫಾರ್ಮರಿಗೆ ನಿನ್ನೆಯೇ ದುಡ್ಡು ಕಟ್ಟೋನಿದ್ದೆ. ಅಕ್ಕಾ, ಬ್ರೇಕಿನ ಚೂರು ಲ್ಯಾಬಿಗೆ ಕಳಿಸಿದೆ.

ಸಾಗರದವನು, ಐದು ತಿಂಗಳ ನಂತರ, ಬ್ಯಾಲರಟ್:

ತಲುಪಿತು. ಲ್ಯಾಬಿನ ಕಾಗದದಲ್ಲಿ ಕಲ್ನಾರು ಇಲ್ಲ ಅಂತ ಬಂತು. ಬಯೋಸೆಕ್ಯುರಿಟಿಯವರು ಮುಚ್ಚಳ ಎತ್ತಿಸಿ ನೋಡಿ ಬಿಟ್ಟರು. ಅದನ್ನ ಉಜ್ಜೋಕೆ ನನಗೆ ಎರಡು ಶನಿವಾರ ಹಿಡಿದಿತ್ತು, ಉಳಿ ಹಿಡಿದು ಕೆರೆದಿದ್ದೀನಿ. ಹಳೇ ಚಾರ್ಜರನ್ನ ಆಲ್ಬನಿಯಲ್ಲೇ ಇನ್ನೊಬ್ಬ ಎಲೆಕ್-ಟ್ರ್ಯಾಕ್ ಇಟ್ಟವರಿಗೆ ಕೊಟ್ಟೆ, ಅವರದ್ದು ಕೆಟ್ಟು ಕೂತಿತ್ತಂತೆ.

ಹೊಸ ಬ್ಯಾಟರಿ, ಹೊಸ ಚಾರ್ಜರ್. ಮೊದಲ ರಾತ್ರಿ ನಿದ್ದೆ ಬರದೆ ಎರಡು ಸಲ ಎದ್ದು ಮೀಟರ್ ಹಿಡಿದೆ: 41.6, ಆಮೇಲೆ 44. ಬೆಳಿಗ್ಗೆ ಚಾರ್ಜರ್ ತಾನೇ ಆಫ್ ಆಗಿ 38.3ರಲ್ಲಿ ನಿಂತಿತ್ತು. ಮಗಳನ್ನ ದೂರ ನಿಲ್ಲಿಸಿ ಸ್ವಿಚ್ ಒತ್ತಿದೆ, ಮೂರು ಬ್ಲೇಡೂ ತಿರುಗಿದವು. ಆ ಸದ್ದು ಫೋನಿನಲ್ಲಿ ಹಿಡಿದು ಅಜ್ಜನಿಗೆ ಕಳಿಸಿದ್ದೀನಿ.

ಪೀಣ್ಯದ ವೈಂಡರ್:

38.3 ಸರಿಯಾಗಿದೆ. ತಿಂಗಳಿಗೊಮ್ಮೆ ನೀರು ನೋಡು, ಡಿಸ್ಟಿಲ್ಡ್ ವಾಟರ್ ಬಿಟ್ಟು ಬೇರೆ ಹಾಕಬೇಡ. ಆ ಸದ್ದು ನನಗೂ ಕಳಿಸಪ್ಪ.