ಸಹಾಯ ಬೇಕು: ಸ್ಟೀಲ್ ಪೈಪ್ ನೀಟಾಗಿ ಬೆಂಡ್ ಮಾಡೋರು ಕೊಡಗಲ್ಲಿ ಯಾರಾದ್ರೂ ಇದಾರಾ?

ಎಲ್ರಿಗೂ ನಮಸ್ಕಾರ. ಮಡಿಕೇರಿ ಹತ್ರ ನಮ್ಮನೆ ಜಗಲಿಗೆ ನಾಲ್ಕು ಕುರ್ಚಿ ಮಾಡಿಸ್ಬೇಕು, ಹಿಂದುಗಡೆ ಕಾಲೇ ಇಲ್ದೆ ಪೈಪ್ ಬಗ್ಗಿಸಿ ಮಾಡ್ತಾರಲ್ಲ ಆ ಥರದ್ದು. 1928ರಲ್ಲಿ ಮಾರ್ಸೆಲ್ ಬ್ರಾಯರ್ ಅನ್ನೋರು ಇದೇ ರೀತಿ ಪೈಪಿಗೆ ಬೆತ್ತದ ಸೀಟ್ ಹಾಕಿ ಡಿಸೈನ್ ಮಾಡಿದ್ರು, ಇವತ್ತಿಗೂ ಎಷ್ಟು ಚೆಂದ ಕಾಣತ್ತೆ ಅಂದ್ರೆ ಒಂದು ಗೆರೆನೂ ಜಾಸ್ತಿ ಇಲ್ಲ, ಕೂತ್ರೆ ಸ್ವಲ್ಪ ತೂಗತ್ತೆ ಬೇರೆ.

ಆದ್ರೆ ನಮ್ಮ ಮಳೆಗಾಲ ಗೊತ್ತಲ್ಲ, ಬೆತ್ತ ಬೂಷ್ಟು ಹಿಡಿಯತ್ತೆ, ಮಾಮೂಲಿ ಕಬ್ಬಿಣಕ್ಕೆ ಪೌಡರ್ ಕೋಟಿಂಗ್ ಮಾಡ್ಸಿದ್ರೂ ಎಲ್ಲಾದ್ರೂ ಚೂರು ಎದ್ರೆ ಅಲ್ಲಿಂದ್ಲೇ ತುಕ್ಕು ಶುರು. ಅದಕ್ಕೆ 304 ಗ್ರೇಡ್ ಸ್ಟೇನ್‌ಲೆಸ್ ಪೈಪ್, ಸೀಟಿಗೆ ನೈಲಾನ್ ಪಟ್ಟಿ ಅಂತ ಅಂದ್ಕೊಂಡಿದೀನಿ.

ಇಲ್ಲಿ ವೆಲ್ಡಿಂಗ್ ಶಾಪಲ್ಲಿ ಕೇಳಿದ್ರೆ ಮೂಲೆಲಿ ಕಟ್ ಮಾಡಿ ವೆಲ್ಡ್ ಮಾಡ್ಕೊಡ್ತೀವಿ ಅಂತಾರೆ, ನಂಗೆ ಅದು ಸುತಾರಾಂ ಬೇಡ, ಕೂತೋರ ಭಾರದ ಎಳೆತ ಜಾಸ್ತಿ ಮುಂದಿನ ಬೆಂಡುಗಳಿಗೇ ಬೀಳೋದು, ಅಲ್ಲೇ ಜಾಯಿಂಟ್ ಇದ್ರೆ ಬಿರುಕು ಬಿಡೋ ಭಯ. ಕೈ ಬೆಂಡರಲ್ಲಿ ಮಾಡಿದ್ರೆ ಪೈಪ್ ಒಳಮಗ್ಗುಲು ಸುಕ್ಕಾಗಿ ಚಪ್ಪಟೆ ಆಗತ್ತೆ. ಒಳಗೆ ಮ್ಯಾಂಡ್ರೆಲ್ (ಪೈಪ್ ಚಪ್ಪಟೆ ಆಗ್ದಂಗೆ ಒಳಗಿಂದ ಆನಿಸೋ ಸರಳು) ಕೊಟ್ಟು ಬಗ್ಗಿಸೋ ಮಷಿನ್ ಕುಶಾಲನಗರ, ವಿರಾಜಪೇಟೆ ಕಡೆ ಇದ್ಯಾ, ಇಲ್ಲಾ ಮೈಸೂರಿಗೇ ಹೋಗ್ಬೇಕಾ?

25 ಎಂಎಂ ಪೈಪಿಗೆ 2 ಎಂಎಂ ದಪ್ಪ ಸಾಕಾ, ಇಲ್ಲಾ 32ಕ್ಕೆ ಹೋಗ್ಲಾ? ನಮ್ಮಪ್ಪಂಗೆ ಮಂಡಿ ನೋವು, ಸೀಟ್ 18 ಇಂಚು ಎತ್ತರ ಇರ್ಲೇಬೇಕು, ಏಳುವಾಗ ಮುಂದಕ್ಕೆ ವಾಲಬಾರ್ದು. ಮಾಡ್ಸಿರೋರು ಯಾರಾದ್ರೂ ಇದ್ರೆ ಫೋಟೋ ಹಾಕಿ ಪ್ಲೀಸ್, ಬೆಂಡ್ ಹತ್ರದಿಂದ ಕಾಣೋ ಹಂಗೆ.