ಸಹಾಯ ಬೇಕು: ಅಣಬೆ ಕಾಂಪೋಸ್ಟ್‌ನಿಂದ ಅಮೋನಿಯಾ ವಾಸನೆ ಹೋಗುತ್ತಿಲ್ಲ

ನಮಸ್ಕಾರ, ಪುಣೆಯ ಹಡಪ್ಸರ್ ಕಡೆ ಇರುವ ಕನ್ನಡದವರು ಯಾರಾದರೂ ಬಟನ್ ಅಣಬೆ ಬೆಳೆಯುತ್ತಿದ್ದೀರಾ? ಗೋಧಿ ಹುಲ್ಲು, ಕೋಳಿ ಗೊಬ್ಬರ, ಗೋಧಿ ಬೂಸಾ, ಯೂರಿಯಾ, ಜಿಪ್ಸಂ ಸೇರಿಸಿ 28 ದಿನ ಕೊಳೆಸುವ ಪದ್ಧತಿಯಲ್ಲಿ ಕಾಂಪೋಸ್ಟ್ ರಾಶಿ ಹಾಕಿದ್ದೇನೆ, ಮಗುಚುವುದೆಲ್ಲ ಮುಗಿದಿದೆ. ಬಣ್ಣ ಕಡು ಕಂದು ಆಗಿದೆ, ಹಿಂಡಿದರೆ ಅಂಗೈ ಒದ್ದೆಯಾಗುತ್ತದೆ, ನೀರು ಸುರಿಯುವುದಿಲ್ಲ. ಆದರೆ ನಡುವಿಂದ ತೆಗೆದರೆ ಅಮೋನಿಯಾ ಮೂಗಿಗೆ ಹೊಡೆಯುತ್ತದೆ. ಈ ವಾಸನೆ ಇರುವಾಗ ಅಣಬೆ ಬೀಜ ಹಾಕಿದರೆ ಅದರಿಂದ ಬರುವ ಬಿಳಿ ಎಳೆ ಕಾಂಪೋಸ್ಟ್‌ನಲ್ಲಿ ಹಬ್ಬುವುದಿಲ್ಲ ಅಲ್ವಾ, ಅದಕ್ಕೇ ತಡೆದಿದ್ದೇನೆ. ಇನ್ನೊಂದೆರಡು ಸಲ ಮಗುಚಿ ಗಾಳಿಯಾಡಿಸಿದರೆ ಸಾಕಾ, ಜಿಪ್ಸಂ ಜಾಸ್ತಿ ಮಾಡಬೇಕಾ?

ಅಣಬೆ ಮೂಡಲು 14ರಿಂದ 18 ಡಿಗ್ರಿ ಬೇಕು, ಕೋಣೆಗೆ ಎಸಿ ಇಲ್ಲ, ಇಲ್ಲಿ ಚಳಿ ಅಂತ ಇರುವುದೇ ಡಿಸೆಂಬರ್, ಜನವರಿಯಲ್ಲಿ, ತಡವಾದರೆ ಈ ಸಲದ ಬೆಳೆ ಕೈತಪ್ಪುತ್ತದೆ. ಪಾಶ್ಚರೈಸ್ ಮಾಡಿದ (ಹಬೆಯ ಬಿಸಿಯಲ್ಲಿ ಕೀಟ, ರೋಗಾಣು ಕೊಂದ) ಕಾಂಪೋಸ್ಟ್ ಕೊಡುವವರು ಹತ್ತಿರದಲ್ಲಿದ್ದರೂ ದಯವಿಟ್ಟು ತಿಳಿಸಿ.